ಕಡಲಂಚಿನ ರಸ್ತೆ ನಿಲ್ದಾಣದಲ್ಲಿ ಒಂದು ದಿನ



ದೂರದ ಊರಿಗೆ ಹೋಗುವ ಬಸ್ಸು ಊಟಕ್ಕೆಂದು ಹೆದ್ದಾರಿ ಬದಿಯಲ್ಲಿ ನಿಲ್ಲುವುದು ನಮಗೆಲ್ಲ ಗೊತ್ತಿರುವ ಸಂಗತಿ. ನಿಲ್ಲುವ ಹೋಟೆಲನ್ನು ಆರಿಸುವವರು ನಾವಲ್ಲ, ಡ್ರೈವರು. ಸೊಲ್ಲಾಪುರದ ದಾರಿಯಾಗಲಿ, ಹೊಸೂರಿನ ದಾರಿಯಾಗಲಿ, ಸಿಗುವುದು ಹೆಚ್ಚುಕಡಿಮೆ ಅದೇ ಪರೋಟ, ಅದೇ ಚಹಾ. ಇದು ಯಾವ ಊರು, ಇಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳುವಷ್ಟರಲ್ಲಿ ಹಾರ್ನ್ ಕೇಳಿಸುತ್ತದೆ. ಬಾಯಿ ಒರೆಸಿಕೊಂಡು ಓಡಬೇಕು.

ಜಪಾನಿನವರು ಇದಕ್ಕೆ ಬೇರೊಂದು ಏರ್ಪಾಡು ಮಾಡಿಕೊಂಡಿದ್ದಾರೆ. ಅದರ ಹೆಸರು 'ಮಿಚಿ ನೊ ಎಕಿ'. ಮಿಚಿ ಎಂದರೆ ದಾರಿ, ಎಕಿ ಎಂದರೆ ನಿಲ್ದಾಣ. ರೈಲಿಗೆ ನಿಲ್ದಾಣ ಇರುವಂತೆ ರಸ್ತೆಗೂ ಯಾಕಿರಬಾರದು ಎಂಬ ಮಾತು 1990ರಲ್ಲಿ ಹಿರೋಶಿಮಾದಲ್ಲಿ ನಡೆದ ಒಂದು ಸಭೆಯಲ್ಲಿ ಬಂತು. 1993ರ ಏಪ್ರಿಲ್‌ನಲ್ಲಿ ಮೊದಲ ಕಂತಿನಲ್ಲಿ 103 ನಿಲ್ದಾಣಗಳಿಗೆ ಮಾನ್ಯತೆ ಸಿಕ್ಕಿತು. ಈಗ ಅವು 1,200ಕ್ಕೂ ಹೆಚ್ಚು. ಹಗಲೂ ರಾತ್ರಿಯೂ ಗಾಡಿ ನಿಲ್ಲಿಸಲು ಜಾಗ, ಶುಚಿಯಾದ ಶೌಚಾಲಯ, ರಸ್ತೆಯ ಮತ್ತು ಊರಿನ ಮಾಹಿತಿ, ಇವು ಇರಲೇಬೇಕು. ಇದರ ಜೊತೆಗೆ ಆ ಊರಿನವರು ಬೆಳೆದದ್ದು, ಹಿಡಿದದ್ದು, ಮಾಡಿದ್ದು ಮಾರಾಟಕ್ಕಿರುತ್ತದೆ. ಎಷ್ಟೋ ಕಡೆ ಮೂಲಂಗಿಯ ಕಟ್ಟಿನ ಮೇಲೂ ಬೆಳೆದವರ ಹೆಸರಿನ ಚೀಟಿ ಅಂಟಿಸಿರುತ್ತಾರೆ.

ಇಂಥ ನಿಲ್ದಾಣಗಳಲ್ಲಿ ನಾನು ಕಂಡ ಒಂದರ ಬಗ್ಗೆ ಇಂದು ಹೇಳುತ್ತೇನೆ. ಈಶಾನ್ಯ ಜಪಾನಿನ ಇವಾತೆ ಪ್ರಾಂತದ ಕಡಲ ದಂಡೆಯಲ್ಲಿ ರಿಕುಜೆನ್‌ತಕತ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ನಿಲ್ದಾಣದ ಹೆಸರು ತಕತ ಮತ್ಸುಬರ, ಅಂದರೆ ತಕತದ ಪೈನ್ ತೋಪು.

ಟೋಕಿಯೋದಿಂದ ವೇಗದ ರೈಲಿನಲ್ಲಿ ಇಚಿನೊಸೆಕಿವರೆಗೆ ಹೋಗಿ, ಅಲ್ಲಿಂದ ಕೆಸೆನ್ನುಮ ಪಟ್ಟಣಕ್ಕೆ ಇನ್ನೊಂದು ಸಣ್ಣ ರೈಲು ಹಿಡಿಯಬೇಕು. ಈ ಸಣ್ಣ ರೈಲಿನ ಹಳಿ ನೇರವಾಗಿ ಹೋಗದೆ ಬೆಟ್ಟಗಳ ನಡುವೆ ಸೊಟ್ಟಸೊಟ್ಟಗೆ ಸುತ್ತಿ ಹೋಗುತ್ತದೆ. ಹಳಿ ಹಾಕುವ ಕಾಲದಲ್ಲಿ ರಾಜಕಾರಣಿಗಳು ತಮ್ಮ ತಮ್ಮ ಊರ ಕಡೆಗೆ ಎಳೆದರಂತೆ. ಕೇಳಿ ನನಗೆ ನಗು ಬಂತು. ಇದೊಂದರಲ್ಲಿ ಅವರಿಗೂ ನಮಗೂ ವ್ಯತ್ಯಾಸವಿಲ್ಲ. ಕೆಸೆನ್ನುಮದಿಂದ ಮುಂದೆ ರೈಲಿಲ್ಲ. 2011ರ ಸುನಾಮಿ ಆ ಹಳಿಯನ್ನು ಕಿತ್ತುಕೊಂಡು ಹೋಯಿತು. 2013ರಿಂದ ಆ ರೈಲಿನ ಬದಲಿಗೆ ಬಸ್ಸು ಓಡುತ್ತಿದೆ. ರೈಲಿನ ಬದಲಿಗೆ ಬಂದ ಬಸ್ಸೇರಿ ರಸ್ತೆಯ ನಿಲ್ದಾಣಕ್ಕೆ ಬಂದಿಳಿದೆ.

ಉದ್ದನೆಯ, ತಗ್ಗಾದ, ಬಿಳಿಯ ಕಟ್ಟಡ. ನಡುವೆ ಬಾಗಿಲಿಲ್ಲದ ಒಂದು ದೊಡ್ಡ ಹಾದಿ. ಅದರೊಳಗಿಂದ ನೋಡಿದರೆ ದೂರದಲ್ಲಿ ಕಡಲ ತಡೆಗೋಡೆ. ಹಾದಿಯ ಒಂದು ಬದಿಗೆ ಅಂಗಡಿ ಮತ್ತು ಊಟದ ಮನೆ, ಇನ್ನೊಂದು ಬದಿಗೆ ಸುನಾಮಿಯ ವಸ್ತುಸಂಗ್ರಹಾಲಯ. ಎರಡೂ 2019ರ ಸೆಪ್ಟೆಂಬರ್ 22ರಂದು ಒಂದೇ ದಿನ ತೆರೆದವು. ಕಟ್ಟಡದ ವಿನ್ಯಾಸ ನೈತೊ ಹಿರೋಶಿ ಎಂಬ ಹೆಸರಾಂತ ವಾಸ್ತುಶಿಲ್ಪಿಯದು.

ಹಸಿವಾಗಿತ್ತು. ಆದರೂ ಮೊದಲು ಸಂಗ್ರಹಾಲಯದ ಕಡೆಗೇ ಕಾಲು ಹೋಯಿತು. ಒಳಗೆ ಹೋಗಲು ಹಣ ಕೊಡಬೇಕಿಲ್ಲ. ಮುದ್ದೆಯಾದ ಒಂದು ಅಗ್ನಿಶಾಮಕ ಗಾಡಿ ಇದೆ. ತಿರುಚಿಕೊಂಡ ಸೇತುವೆಯ ಉಕ್ಕಿನ ತೊಲೆ ಇದೆ. 2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಅರ್ಧ ಗಂಟೆ ದಾಟಿದ ಮೇಲೆ ಕಡಲು ಬಂತು. ಆಗ ಇಲ್ಲಿದ್ದ ತಡೆಗೋಡೆಯ ಎತ್ತರ ಐದೂವರೆ ಮೀಟರ್. ಬಂದ ನೀರು ಅದರ ಎರಡು ಪಟ್ಟಿಗಿಂತಲೂ ಎತ್ತರ. ಜನ ಓಡಿ ಸೇರಬೇಕೆಂದು ಗುರುತು ಮಾಡಿದ್ದ ಕಟ್ಟಡಗಳನ್ನೂ ಅದು ಮುಳುಗಿಸಿತು. ಸುಮಾರು 24,000 ಜನರಿದ್ದ ಊರಿನಲ್ಲಿ 1,700ಕ್ಕೂ ಹೆಚ್ಚು ಮಂದಿ ಹೋದರು.

ಸುನಾಮಿ ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು 2004ರ ಡಿಸೆಂಬರ್ ಕೊನೆಯಲ್ಲಿ. ಆ ದಂಡೆಯವರಿಗೆ ಅದು ಅಜ್ಜಿಯ ಮಾತು. 1896ರಲ್ಲಿ ಸುಮಾರು 22,000 ಜನ, 1933ರಲ್ಲಿ ಮತ್ತೆ 3,000 ಜನ ಸತ್ತಿದ್ದಾರೆ. 1960ರಲ್ಲಿ ಪೆಸಿಫಿಕ್ ಸಾಗರದ ಆಚೆಯ ಚಿಲಿ ದೇಶದ ಭೂಕಂಪದಿಂದ ಎದ್ದ ಅಲೆಯೂ ಇಲ್ಲಿಗೆ ಬಂದು ಬಡಿದಿದೆ. ಅವರಲ್ಲಿ 'ತೆಂದೆಂಕೊ' ಎಂಬ ಒಂದು ಮಾತಿದೆ. ಅಲೆ ಬಂದಾಗ ಯಾರನ್ನೂ ಕಾಯಬೇಡ, ಮಗುವನ್ನು ಹುಡುಕಿಕೊಂಡು ಹಿಂದಕ್ಕೆ ಬರಬೇಡ, ನಿನ್ನ ದಾರಿ ನೀನು ಹಿಡಿದು ಗುಡ್ಡ ಹತ್ತು ಎಂದು ಅದರ ಅರ್ಥ. ಕೇಳಲು ಕಠೋರ. ಆದರೆ ತಾಯಿಯೂ ಓಡಿರುತ್ತಾಳೆ ಎಂಬ ನಂಬಿಕೆ ಮಗುವಿಗಿದ್ದರೆ ಮಾತ್ರ ಮಗು ಓಡುತ್ತದೆ. ಈ ಮಾತನ್ನು ಮನೆಮನೆಯಲ್ಲಿ ಮೊದಲೇ ಆಡಿಕೊಂಡಿರಬೇಕು ಎನ್ನುವುದು ಅದಕ್ಕೇ.

ಸಂಗ್ರಹಾಲಯದಿಂದ ಹೊರಬಂದು ಹಾದಿಯ ನಡುವೆ ನಿಂತೆ. ಎದುರಿಗೆ ಊಟದ ಮನೆ, ಒಳಗಿಂದ ಬಿಸಿ ಅನ್ನದ ಪರಿಮಳ. ಸಾವಿನ ಮನೆಯಲ್ಲಿ ಒಲೆ ಹಚ್ಚದ ನಾಡಿನಿಂದ ಹೋದವನು ನಾನು. ಇಲ್ಲಿ ಕೂತು ರುಚಿ ನೋಡುವುದು ಸರಿಯೇ? ಜೊತೆಗೆ ಬಂದಿದ್ದ ಟೋಕಿಯೋದ ಮಿತ್ರರು ಒಂದು ಮಾತು ಹೇಳಿದರು: "ನೀವು ತಿನ್ನದೆ ಹೋದರೆ ಇಲ್ಲಿನ ಬೆಸ್ತರಿಗೆ ಏನು ಉಪಕಾರವಾಯಿತು?" ಆಗ ನಮ್ಮ ವರ್ಷಾಂತಿಕದ ನೆನಪಾಯಿತು. ಹೋದವರಿಗೆ ಇಷ್ಟವಾಗಿದ್ದನ್ನೇ ಮಾಡಿ, ಬಂದವರಿಗೆ ಬಡಿಸುತ್ತೇವಲ್ಲ. ಒಳಗೆ ಹೋದೆ.

ಆ ದಂಡೆಯ ಅನ್ನವೂ ಆ ದಂಡೆಯ ಸಾವೂ ಒಂದೇ ಕಾರಣದಿಂದ ಬಂದವು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಕರಾವಳಿ ನಮ್ಮಂತೆ ನೇರ ಗೆರೆಯಲ್ಲ. ಗರಗಸದ ಹಲ್ಲಿನಂತೆ ಒಳಗೆ ಹೊರಗೆ ಚಾಚಿದೆ. ಬೆಟ್ಟಗಳ ನಡುವೆ ಕಡಲು ನುಗ್ಗಿ ಕೊಲ್ಲಿಗಳಾಗಿವೆ. ಕೊಲ್ಲಿಯೊಳಗೆ ನೀರು ಶಾಂತ. ಕೆಸೆನ್ ಎಂಬ ನದಿ ಕಾಡಿನ ಸಾರವನ್ನು ಹೊತ್ತು ತಂದು ಸುರಿಯುತ್ತದೆ. ಹೊರಗಿನ ಕಡಲಲ್ಲಿ ಉತ್ತರದ ತಣ್ಣನೆಯ ಪ್ರವಾಹವೂ ದಕ್ಷಿಣದ ಬೆಚ್ಚನೆಯ ಪ್ರವಾಹವೂ ಸೇರುತ್ತವೆ. ಆದ್ದರಿಂದ ಮೀನಿಗೆ, ಸಿಂಪಿಗೆ, ಕಡಲಪಾಚಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಸುನಾಮಿ ಬಂದಾಗ ಇದೇ ಕೊಲ್ಲಿಯ ಬಾಯಿ ಅಗಲ, ಗಂಟಲು ಕಿರಿದು. ಒಳನುಗ್ಗಿದ ನೀರಿಗೆ ಹರಡಲು ಎಡೆಯಿಲ್ಲದೆ ಮೇಲಕ್ಕೇರುತ್ತದೆ.

ಹಿರೋತ ಕೊಲ್ಲಿಯ ಸಿಂಪಿ ಹೆಸರುವಾಸಿ. ತೆಪ್ಪಗಳಿಂದ ಹಗ್ಗ ಇಳಿಬಿಟ್ಟು ಎರಡು ಮೂರು ವರ್ಷ ಬೆಳೆಸುತ್ತಾರೆ, ಒಂದೊಂದು ಅಂಗೈಯಗಲ. 2011ರಲ್ಲಿ ತೆಪ್ಪವೂ ಹಗ್ಗವೂ ದೋಣಿಯೂ ಹೋದವು. ವಕಾಮೆ ಎಂಬ ಪಾಚಿಯನ್ನು ಚಳಿ ಮುಗಿಯುವ ಹೊತ್ತಿಗೆ ಕೊಯ್ಯುತ್ತಾರೆ. ಕಡಲಲ್ಲಿ ಅದು ಕಂದು. ಬಿಸಿನೀರಿಗೆ ಬಿದ್ದೊಡನೆ ಹಚ್ಚಹಸಿರಾಗುತ್ತದೆ. ಯೊನೆಸಾಕಿ ಎಂಬಲ್ಲಿ ಕಡಲು ಕಾಣುವ ಇಳಿಜಾರಿನಲ್ಲಿ ಸೇಬಿನ ತೋಟಗಳಿವೆ. 'ತಕತ ನೊ ಯುಮೆ', ಅಂದರೆ ತಕತದ ಕನಸು, ಎಂಬ ಅಕ್ಕಿ ಇದೆ. ಗದ್ದೆಗಳಿಗೆ ಉಪ್ಪುನೀರು ಹೊಕ್ಕ ಮೇಲೆ ಒಂದು ಕಂಪನಿ ಊರಿಗೆ ಕೊಡುಗೆಯಾಗಿ ಕೊಟ್ಟ ತಳಿ ಅದು. ಈಗ ಊರಿನದೇ ಆಗಿಬಿಟ್ಟಿದೆ. ಸಸ್ಯಾಹಾರಿ ಕೇಳುಗರಿಗೆ ಒಂದು ಕಿವಿಮಾತು: ಅಲ್ಲಿ ತರಕಾರಿಯ ಸಾರಿನಲ್ಲೂ ಮೀನಿನ ಬಸಿ ಇರುತ್ತದೆ. ಅನ್ನ, ಉಪ್ಪಿನಕಾಯಿ, ಸೇಬು, ಇಷ್ಟಕ್ಕೆ ತೃಪ್ತಿಪಡಬೇಕು.

ಅಂಗಡಿಯ ಕಪಾಟಿನಲ್ಲಿ ಒಂದು ಸಣ್ಣ ಸೀಸೆ ಕಂಡಿತು. ಸೋಯಾ ಸಾಸ್. ನಮ್ಮೂರಲ್ಲಿ ಗೋಬಿ ಮಂಚೂರಿಯ ಗಾಡಿಯಲ್ಲಿ ಸುರಿಯುವ ಕಪ್ಪು ನೀರಿನ ಮೂಲಪುರುಷ ಇದೇ, ಆದರೆ ಮಾಡುವ ಬಗೆಯೇ ಬೇರೆ. ಸೋಯಾ ಕಾಳು ಮತ್ತು ಗೋಧಿಗೆ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ಕಲಸಿ, ದೊಡ್ಡ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹುದುಗಲು ಬಿಡುತ್ತಾರೆ. ಈ ಕಲಸಿಗೆ 'ಮೊರೊಮಿ' ಎಂದು ಹೆಸರು. ಅದರಲ್ಲಿ ವಾಸವಾದ ಸೂಕ್ಷ್ಮಜೀವಿಗಳೇ ಆ ಮನೆಯ ರುಚಿ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರೇ ಇವತ್ತಿನ ಹಾಲಿಗೆ ಹೆಪ್ಪಾಗುವಂತೆ, ಅಲ್ಲೂ ಹಳೆಯದರ ಬಲದಿಂದ ಹೊಸದು ಹುಟ್ಟುತ್ತದೆ.

ಯಾಗಿಸಾವ ಶೋತೆನ್ ಎಂಬ ಮನೆತನದ ಅಂಗಡಿ ಈ ಊರಿನಲ್ಲಿ 1807ರಿಂದ ಸಾಸ್ ಮಾಡುತ್ತಿತ್ತು. ಸುನಾಮಿಯಲ್ಲಿ ಉಗ್ರಾಣ, ಪೀಪಾಯಿ, ಎರಡು ನೂರು ವರ್ಷದ ಮೊರೊಮಿ ಎಲ್ಲವೂ ಹೋಯಿತು. ಹೆಪ್ಪಿಗೆ ಒಂದು ಚಮಚವೂ ಉಳಿಯಲಿಲ್ಲ ಎಂದುಕೊಂಡರು. ಆದರೆ ಅದಕ್ಕೆ ಸ್ವಲ್ಪ ಮೊದಲು, ಉತ್ತರದ ಕಾಮಾಯಿಶಿ ಪಟ್ಟಣದ ಒಂದು ಸಂಶೋಧನಾಲಯಕ್ಕೆ ಪರೀಕ್ಷೆಗೆಂದು ಸುಮಾರು ನಾಲ್ಕು ಕಿಲೋ ಮೊರೊಮಿ ಕೊಟ್ಟಿದ್ದರು. ಆ ಸಂಶೋಧನಾಲಯಕ್ಕೂ ನೀರು ನುಗ್ಗಿತು. ಕೆಸರು ತೆಗೆಯುವಾಗ ಕೊಟ್ಟಿದ್ದು ಹಾಗೇ ಸಿಕ್ಕಿತು. ಆ ನಾಲ್ಕು ಕಿಲೋದಿಂದ ಮತ್ತೆ ಬೆಳೆಸಿ, 2014ರಲ್ಲಿ ಹೊಸ ಸಾಸ್ ಹೊರತಂದರು. ಕೆಲಸಗಾರರನ್ನು ಬಿಡದೆ, ಮಾರಲು ಸರಕೇ ಇಲ್ಲದ ದಿನಗಳಲ್ಲೂ ಅಂಗಡಿಯ ಹೆಸರನ್ನು ಉಳಿಸಿಕೊಂಡರು ಎಂಬುದು ನನಗೆ ಆ ನಾಲ್ಕು ಕಿಲೋದಷ್ಟೇ ದೊಡ್ಡದಾಗಿ ಕಂಡಿತು. ಸೀಸೆ ಕೊಂಡೆ.

ಹಣ ಕೊಡುವಲ್ಲಿ ಇಬ್ಬರು ಮುದುಕಿಯರು ಗಟ್ಟಿಯಾಗಿ ಮಾತಾಡಿ ನಗುತ್ತಿದ್ದರು. ಏನು ಹೇಳುತ್ತಿದ್ದಾರೆ ಎಂದು ಮಿತ್ರರನ್ನು ಕೇಳಿದೆ. "ನನಗೂ ಅರ್ಧ ತಿಳಿಯಲಿಲ್ಲ" ಎಂದರು. ಅದು ಕೆಸೆನ್ ಸೀಮೆಯ ಮಾತು.

ಕೇಳುಗರೇ, ಈ ಸೀಮೆಯ ಕತೆ ನಮಗೆ ಬೇಗ ಅರ್ಥವಾಗುತ್ತದೆ. ಊರಿನ ಹೆಸರಿನ ಮುಂದಿರುವ 'ರಿಕುಜೆನ್' ಒಂದು ಹಳೆಯ ನಾಡಿನ ಹೆಸರು. 1876ರಲ್ಲಿ ಆಡಳಿತದ ಗೆರೆಗಳನ್ನು ಹೊಸದಾಗಿ ಎಳೆದಾಗ ಆ ನಾಡಿನ ಉಳಿದ ಭಾಗವೆಲ್ಲ ದಕ್ಷಿಣದ ಮಿಯಾಗಿ ಪ್ರಾಂತಕ್ಕೆ ಸೇರಿತು; ಕೆಸೆನ್ ಸೀಮೆ ಮಾತ್ರ ಉತ್ತರದ ಇವಾತೆಗೆ ಬಂತು. ಹಿಂದಿನ ಕಾಲದಲ್ಲಿ ಅದು ಸೆಂದಾಯಿ ದೊರೆಗಳ ಕೈಕೆಳಗಿತ್ತು. ಇವಾತೆಯ ಹೆಚ್ಚಿನ ಭಾಗ ಬೇರೆ ದೊರೆಗಳದು. 1955ರಲ್ಲಿ ಹಳ್ಳಿಗಳು ಕೂಡಿ ಪಟ್ಟಣವಾದಾಗಲೂ ಹಳೆಯ ನಾಡಿನ ಹೆಸರನ್ನು ಅವರು ಬಿಡಲಿಲ್ಲ. ನಮ್ಮ ಹಿರಿಯರು 1956ರ ಮಾತು ತೆಗೆದಾಗ ದನಿ ಬದಲಾಗುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಶಾನ್ಯದವರ ಉಚ್ಚಾರವನ್ನು ಕಂಡು ಟೋಕಿಯೋದಲ್ಲಿ ನಗುವ ವಾಡಿಕೆ ಹಳೆಯದು. ಪಕ್ಕದ ಒಫುನಾತೊ ಪಟ್ಟಣದ ವೈದ್ಯ ಯಾಮಾವುರ ಹಾರುತ್ಸುಗು ಅವರು, ನಮ್ಮದು ಉಪಭಾಷೆಯಲ್ಲ, ಕೆಸೆನ್ ಭಾಷೆ ಎಂದು ಹಟ ಹಿಡಿದು ಅದಕ್ಕೆ ವ್ಯಾಕರಣ ಬರೆದರು, 2000ದಲ್ಲಿ ನಿಘಂಟು ಹೊರತಂದರು. ಬಳಿಕ ಗ್ರೀಕ್ ಕಲಿತು, ಏಸುವಿನ ಸುವಾರ್ತೆಗಳನ್ನು ನೇರವಾಗಿ ಕೆಸೆನ್ ಮಾತಿಗೆ ತಂದರು. 2011ರಲ್ಲಿ ಪ್ರಕಾಶಕರ ಉಗ್ರಾಣದಲ್ಲಿದ್ದ ಆ ಪುಸ್ತಕಗಳು ಸುನಾಮಿಯಲ್ಲಿ ನೆನೆದವು. ಎಸೆಯಲಿಲ್ಲ. ನೀರಿನಲ್ಲಿ ಮುಳುಗಿ ಎದ್ದ ಪುಸ್ತಕವೆಂದೇ ಮಾರಿದರು. ದೂರದೂರದ ಜನ ತರಿಸಿಕೊಂಡರು.

ಊಟ ಮುಗಿಸಿ ಕಡಲ ಕಡೆಗೆ ನಡೆದೆ. ದಾರಿಯಲ್ಲಿ ಹಳೆಯ ರಸ್ತೆ ನಿಲ್ದಾಣ ಹಾಗೇ ನಿಂತಿದೆ. ತ್ರಿಕೋನಾಕಾರದ ಕಟ್ಟಡ, ಹಿಂಬದಿ ಪೂರ್ತಿ ಮೆಟ್ಟಿಲು. ಆ ದಿನ ಆ ಮೆಟ್ಟಿಲ ತುದಿಗೆ ಏರಿದ ಕೆಲವರು ಬದುಕಿಕೊಂಡರು. ಒಳಗಿನ ಮುರುಕು ಹಾಗೇ ಬಿಟ್ಟಿದ್ದಾರೆ.

ಇನ್ನು ಪೈನ್ ತೋಪಿನ ಮಾತು. ಕಡಲ ಉಪ್ಪುಗಾಳಿಯಿಂದ ಗದ್ದೆ ಕಾಯಲು 1667ರಲ್ಲಿ ಕನ್ನೊ ಮೊಕುನೊಸುಕೆ ಎಂಬ ಊರಿನ ಸಿರಿವಂತ ಸಸಿ ನೆಡಿಸಲು ತೊಡಗಿದ. ಮುಂದಿನವರು ನೆಡುತ್ತ ಹೋದರು. 2011ರ ಹೊತ್ತಿಗೆ ಎರಡು ಕಿಲೋಮೀಟರ್ ಮರಳಿನ ಮೇಲೆ ಸುಮಾರು 70,000 ಮರ. ಉಳಿದದ್ದು ಒಂದು. ಅದರ ಬೇರಿಗೂ ಉಪ್ಪು ಹೊಕ್ಕಿತ್ತು. 2012ರ ಮೇ ತಿಂಗಳಲ್ಲಿ ಮರ ಸತ್ತಿದೆ ಎಂದು ಖಚಿತವಾಯಿತು. ಆಮೇಲೆ ದೇಶದವರೆಲ್ಲ ಕೊಟ್ಟ ದೇಣಿಗೆಯಿಂದ, ಸುಮಾರು 15 ಕೋಟಿ ಯೆನ್ ಖರ್ಚಿನಲ್ಲಿ, ಒಳಗೆ ಆಧಾರ ಕೊಟ್ಟು, ಕೃತಕ ಎಲೆ ಜೋಡಿಸಿ, 2013ರ ಜುಲೈಗೆ ಅದನ್ನು ನಿಂತಲ್ಲೇ ನಿಲ್ಲಿಸಿದರು. ಮನೆಯಿಲ್ಲದ ಜನರಿರುವಾಗ ಸತ್ತ ಮರಕ್ಕೆ ಇಷ್ಟು ಹಣವೇ ಎಂದು ಆಗ ಕೇಳಿದವರಿದ್ದಾರೆ. ನಾನಾದರೂ ಕೇಳುತ್ತಿದ್ದೆ. ಕೆಳಗೆ ನಿಂತು ಕತ್ತು ಎತ್ತಿ ನೋಡಿದಾಗಲೂ ಆ ಪ್ರಶ್ನೆ ನನ್ನನ್ನು ಪೂರ್ತಿ ಬಿಡಲಿಲ್ಲ. ಹಿಂದಿರುಗಿ ಊರ ಕಡೆ ನೋಡಿದರೆ, ಗುಡ್ಡ ಅಗೆದು ಮಣ್ಣು ತಂದು ಹತ್ತು ಮೀಟರಿನಷ್ಟು ಎತ್ತರಿಸಿದ ನೆಲ. ಅಲ್ಲಿ ಎಷ್ಟೋ ನಿವೇಶನಗಳು ಇನ್ನೂ ಖಾಲಿ. ಕಾಯುತ್ತ ಕಾಯುತ್ತ ಜನ ಬೇರೆಡೆ ನೆಲೆ ಕಂಡುಕೊಂಡರು.

ಹೊಸ ಗೋಡೆ ಹನ್ನೆರಡೂವರೆ ಮೀಟರ್ ಎತ್ತರ. ಅದನ್ನು ಏರುವವರೆಗೆ ಕಡಲು ಕಾಣುವುದೇ ಇಲ್ಲ. ಮೀನು ಹಿಡಿದು ಬಾಳುವ ಊರಿನಿಂದ ಕಡಲನ್ನು ಮರೆಮಾಡಿದ್ದು ನನಗೆ ಹಿಡಿಸಲಿಲ್ಲ. ಆದರೆ ಅಲ್ಲಿ ರಾತ್ರಿ ಮಲಗಬೇಕಾದವನು ನಾನಲ್ಲ. ಮೆಟ್ಟಿಲೇರಿ ಗೋಡೆಯ ನೆತ್ತಿಯಲ್ಲಿ ನಿಂತೆ. ಕೆಳಗೆ ಮರಳಿನ ಮೇಲೆ ಸಾಲುಸಾಲಾಗಿ ಪೈನ್ ಸಸಿಗಳು. ಊರಿನ ತೋಪು ಕಾಯುವ ಸಂಘದವರೂ ಪ್ರಾಂತ ಸರ್ಕಾರದವರೂ ಸೇರಿ 2021ರ ಮೇ ತಿಂಗಳ ಹೊತ್ತಿಗೆ 40,000 ಸಸಿ ನೆಟ್ಟು ಮುಗಿಸಿದರು. ಸುನಾಮಿಗೆ ಮೊದಲು ಈ ತೋಪಿನಲ್ಲಿ ಯಾರೋ ಸುಮ್ಮನೆ ಆರಿಸಿ ಮನೆಯಲ್ಲಿಟ್ಟಿದ್ದ ಕಾಯಿಗಳ ಬೀಜದಿಂದ ಮೊಳೆತವೂ ಅವುಗಳಲ್ಲಿವೆ. ತೋಪು ಮೊದಲಿನಂತಾಗಲು ಇನ್ನೂ ಹಲವು ದಶಕ ಬೇಕು.

ಬಸ್ಸಿನ ಹೊತ್ತಾಗಿತ್ತು. ರೈಲಿನ ಬದಲಿಗೆ ಓಡುವ ಕೆಂಪು ಬಸ್ಸು ಬಂದು ನಿಂತಿತು. ಸೀಸೆ ಒಡೆಯದಂತೆ ಬಟ್ಟೆಯಲ್ಲಿ ಸುತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಂಗಡಿಯಲ್ಲಿ ಕಂಡ ಮುದುಕಿಯರಲ್ಲಿ ಒಬ್ಬರು ನನ್ನ ಮುಂದಿನ ಸೀಟಿನಲ್ಲಿದ್ದರು. ಕೈಚೀಲದಿಂದ ಮೂಲಂಗಿಯ ಸೊಪ್ಪು ಇಣುಕುತ್ತಿತ್ತು. ಇಳಿಯುವಾಗ ಡ್ರೈವರಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದರು. ಡ್ರೈವರು ಅದೇ ಮಾತಿನಲ್ಲಿ ಉತ್ತರ ಕೊಟ್ಟರು.