ಮಗುವಿನ ನಿದ್ದೆ, ತಾಯಿಯ ನೆಮ್ಮದಿ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಸಭೆ ಅಂದ್ರೆ ಉಳಿತಾಯ, ಸಾಲ, ಮರುಪಾವತಿ, ಠರಾವು ಪುಸ್ತಕ ಇಷ್ಟೇ ಅಂದುಕೊಂಡವರಿದ್ದಾರೆ. ಆದರೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದ ಸದಸ್ಯೆ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೇಳಿದರೆ, "ರಾತ್ರಿಯೆಲ್ಲಾ ಮಗು ಮಲಗಲಿಲ್ಲ ಅಕ್ಕಾ" ಅನ್ನುತ್ತಾಳೆ. ಇದು ಅವಳ ಮನೆಯ ಕಷ್ಟ ಅಂತ ನಾವು ಸುಮ್ಮನಾದರೆ ಏನಾಗುತ್ತೆ? ನಿದ್ದೆಗೆಟ್ಟ ತಾಯಿ ಬೆಳಿಗ್ಗೆ ನೀರು ತರಬೇಕು, ಅಡುಗೆ ಮಾಡಬೇಕು, ಕೂಲಿಗೂ ಹೋಗಬೇಕು. ಆಗ ಯಾರೋ ಹೇಳಿದ "ಮಲಗಿಸುವ ಮದ್ದು" ಅವಳ ಕೈಗೆ ಬರುತ್ತದೆ. ಅಪಾಯ ಶುರುವಾಗುವುದೇ ಅಲ್ಲಿಂದ. ಆದ್ದರಿಂದ ಈ ದಿನ ಮಗುವಿನ ನಿದ್ದೆಯ ಬಗ್ಗೆ ಮಾತಾಡೋಣ.

ಎಳೆಗೂಸು ಯಾಕೆ ಏಳುತ್ತದೆ?

ಹುಟ್ಟಿದ ಹೊಸದರಲ್ಲಿ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ಒಂದೇ ಸಮನೆ ಅಲ್ಲ. ಅದರ ಹೊಟ್ಟೆ ಬಹಳ ಚಿಕ್ಕದು, ತಾಯಿಯ ಹಾಲು ಬೇಗ ಅರಗುತ್ತದೆ. ಹಾಗಾಗಿ ಎರಡು ಮೂರು ಗಂಟೆಗೊಮ್ಮೆ ಹಸಿವಾಗಿ ಏಳುತ್ತದೆ. ಒಂದು ದಿನಕ್ಕೆ 8ರಿಂದ 12 ಸಲ ಮೊಲೆ ಕುಡಿಯುವುದು ಸಹಜ. "ಹಾಲು ಸಾಲ್ತಿಲ್ಲ, ಅದಕ್ಕೇ ಏಳುತ್ತೆ" ಅಂತ ಅತ್ತೆಯೋ ನೆರೆಯವರೋ ಹೇಳಿದ ಕೂಡಲೇ ಬಾಟಲಿ ಹಿಡಿಯಬೇಡಿ. ರಾತ್ರಿ ಹೊತ್ತು ಹಾಲೂಡಿಸಿದರೆ ತಾಯಿಯ ಹಾಲು ಇನ್ನೂ ಚೆನ್ನಾಗಿ ಬರುತ್ತದೆ.

ಇನ್ನೊಂದು ವಿಷಯ. ಎಳೆಗೂಸಿಗೆ ಹಗಲು ರಾತ್ರಿಯ ಅರಿವಿಲ್ಲ. ಆ ಅರಿವು ಎರಡು ಮೂರು ತಿಂಗಳಿಗೆ ನಿಧಾನವಾಗಿ ಮೂಡುತ್ತದೆ. ನಾಲ್ಕು ತಿಂಗಳಿಂದ ಒಂದು ವರ್ಷದವರೆಗೆ, ಹಗಲು ನಿದ್ದೆಯೂ ಸೇರಿ, 12ರಿಂದ 16 ಗಂಟೆ ನಿದ್ದೆ ಬೇಕು. ಆರು ತಿಂಗಳ ಹೊತ್ತಿಗೆ ಬಹಳ ಮಕ್ಕಳು ರಾತ್ರಿ ಐದಾರು ಗಂಟೆ ಒಟ್ಟಿಗೆ ಮಲಗುತ್ತವೆ. ಕೆಲವು ತಡ ಮಾಡುತ್ತವೆ. ಒಂದು ಮಗುವನ್ನು ಇನ್ನೊಂದು ಮಗುವಿನ ಜೊತೆ ಹೋಲಿಸುವುದು ಬೇಡ.

ನಾವು ಮಾಡಬಹುದಾದದ್ದು

1. ಹಗಲು ಹಗಲಿನಂತಿರಲಿ, ರಾತ್ರಿ ರಾತ್ರಿಯಂತಿರಲಿ. ಬಾಣಂತಿ ಕೋಣೆಯನ್ನು ಹಗಲೂ ಕತ್ತಲು ಮಾಡಿಡುವ ರೂಢಿ ನಮ್ಮಲ್ಲಿದೆ. ಕಿಟಕಿ ತೆರೆಯಿರಿ, ಬೆಳಕು ಬರಲಿ. ಹಗಲಲ್ಲಿ ಮಗುವಿನ ಜೊತೆ ಮಾತಾಡಿ, ಆಡಿಸಿ. ರಾತ್ರಿ ಹಾಲೂಡಿಸುವಾಗ ಸಣ್ಣ ದೀಪ ಸಾಕು. ಆಗ ಮಾತು ಬೇಡ, ಟಿ.ವಿ., ಮೊಬೈಲ್ ಮೊದಲೇ ಬೇಡ. ಹಾಲು ಕುಡಿಸಿ, ತೇಗಿಸಿ, ಒದ್ದೆ ಬಟ್ಟೆ ಬದಲಿಸಿ ಮತ್ತೆ ಮಲಗಿಸಿ.

2. ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಮಗು ಗಂಟೆಗಟ್ಟಲೆ ಮಲಗಿಬಿಡುತ್ತದೆ. ಮನೆಯವರಿಗೆಲ್ಲಾ ಸಂತೋಷ! ಆದರೆ ಹಗಲೆಲ್ಲಾ ಹಾಲಿಲ್ಲದೆ ಮಲಗಿದ ಕೂಸು ರಾತ್ರಿ ಆ ಬಾಕಿಯನ್ನು ವಸೂಲಿ ಮಾಡುತ್ತದೆ. ಮೊದಲ ತಿಂಗಳುಗಳಲ್ಲಿ ಹಗಲು ಮೂರು ಗಂಟೆ ಆದರೂ ಏಳದಿದ್ದರೆ ಮೆಲ್ಲಗೆ ಎಬ್ಬಿಸಿ ಹಾಲು ಕೊಡಿ.

3. ಹಾಗಂತ ಹಗಲು ನಿದ್ದೆ ತಪ್ಪಿಸಬೇಡಿ. "ಹಗಲು ಎಚ್ಚರ ಇಟ್ಟರೆ ರಾತ್ರಿ ಸತ್ತ ಹಾಗೆ ಮಲಗುತ್ತೆ" ಅನ್ನುವುದು ತಪ್ಪು ತಿಳುವಳಿಕೆ. ತೀರಾ ದಣಿದ ಮಗು ರಚ್ಚೆ ಹಿಡಿಯುತ್ತದೆ, ಮಲಗಿದರೂ ಬೇಗ ಏಳುತ್ತದೆ. ಆಕಳಿಸುವುದು, ಕಣ್ಣು ಉಜ್ಜುವುದು, ಮುಖ ಆಚೆ ತಿರುಗಿಸುವುದು ಇವೆಲ್ಲ ನಿದ್ದೆಯ ಸೂಚನೆ. ಅಳು ಶುರುವಾಗುವ ಮೊದಲೇ ಮಲಗಿಸಿ.

4. ದಿನವೂ ಒಂದೇ ಕ್ರಮ ಇರಲಿ. ಸಂಜೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಒಣ ಬಟ್ಟೆ ಹಾಕಿ, ಹಾಲು ಕೊಟ್ಟು, ಒಂದು ಜೋಗುಳ ಹೇಳಿ. ದಿನಾ ಹೀಗೇ ಮಾಡಿದರೆ ಕೆಲವು ವಾರಗಳಲ್ಲಿ ಮಗುವಿಗೆ ಗೊತ್ತಾಗುತ್ತೆ: ಇನ್ನು ಮಲಗೋ ಹೊತ್ತು. ಪೂರ್ತಿ ನಿದ್ದೆ ಹತ್ತುವ ಮೊದಲು, ಕಣ್ಣು ಎಳೆಯುತ್ತಿರುವಾಗಲೇ ಹಾಸಿಗೆಗೆ ಹಾಕುವ ಅಭ್ಯಾಸ ಮಾಡಿ. ಹಾಗೆ ಕಲಿತ ಮಗು ನಡುರಾತ್ರಿ ಎಚ್ಚರವಾದರೂ ತಾನೇ ಮತ್ತೆ ಮಲಗುತ್ತದೆ.

5. ಮಿಸುಕಾಡಿದ ಕೂಡಲೇ ಎತ್ತಬೇಡಿ. ಸುಮಾರು ಒಂದು ಗಂಟೆಗೊಮ್ಮೆ ಮಗುವಿನ ನಿದ್ದೆ ತೆಳುವಾಗುತ್ತದೆ. ಆಗ ಮುಲುಕುತ್ತದೆ, ಕೈಕಾಲು ಆಡಿಸುತ್ತದೆ. ಒಂದೆರಡು ನಿಮಿಷ ನೋಡಿ. ಎಷ್ಟೋ ಸಲ ಮತ್ತೆ ನಿದ್ದೆಗೆ ಜಾರುತ್ತದೆ. ನಿಜವಾಗಿ ಅತ್ತರೆ ಖಂಡಿತ ಎತ್ತಿಕೊಳ್ಳಿ.

ಮಲಗಿಸುವ ಮದ್ದು ಬೇಡವೇ ಬೇಡ

ಗಸಗಸೆ ಅರೆದು ಕುಡಿಸುವುದು, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಬ್ರಾಂದಿ ಹನಿ ಹಾಕುವುದು, ಅಂಗಡಿಯ ಕೆಮ್ಮಿನ ಸಿರಪ್ ಕೊಡುವುದು. "ನಮ್ಮ ಕಾಲದಲ್ಲಿ ಕೊಟ್ಟಿದ್ವಿ, ಏನೂ ಆಗಿಲ್ಲ" ಅನ್ನುವ ಹಿರಿಯರ ಮೇಲೆ ನಮಗೆ ಗೌರವವಿದೆ. ಆದರೂ ಹೇಳಲೇಬೇಕು: ಇವು ಮಗುವಿಗೆ ಒಳ್ಳೆಯ ನಿದ್ದೆ ಕೊಡುವುದಿಲ್ಲ, ಮಂಪರು ತರುತ್ತವೆ. ಮಂಪರಿನಲ್ಲಿ ಎಳೆಗೂಸಿನ ಉಸಿರೇ ನಿಧಾನವಾಗಬಹುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತರು. ಆ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬಾರದು ಎಂದು ತಿಳಿಸಿತು.

ಆರು ತಿಂಗಳ ತನಕ ಎದೆಹಾಲು ಮಾತ್ರ. ನೀರೂ ಬೇಡ, ಗ್ರೈಪ್ ವಾಟರೂ ಬೇಡ. ಬೇಗ ರಾಗಿ ಸರಿ ತಿನ್ನಿಸಿದರೆ ರಾತ್ರಿಯೆಲ್ಲಾ ಮಲಗುತ್ತದೆ ಅನ್ನುವುದನ್ನೂ ನಂಬಬೇಡಿ. ರಾಗಿ ಸರಿ ಒಳ್ಳೆಯದೇ, ಆದರೆ ಆರು ತಿಂಗಳು ತುಂಬಿದ ಮೇಲೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡ.

ಮಲಗಿಸುವ ರೀತಿ

ಬೋರಲು ಹಾಕಿದರೆ ಮಗು ಹೆಚ್ಚು ಹೊತ್ತು ಮಲಗುತ್ತದೆ, ನಿಜ. ಆದರೆ ಉಸಿರು ಕಟ್ಟುವ ಅಪಾಯವೂ ಅದರಲ್ಲೇ ಹೆಚ್ಚು. ಅಮೆರಿಕದಲ್ಲಿ 1994ರಿಂದ ಮಕ್ಕಳನ್ನು ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಿದ ಮೇಲೆ, ನಿದ್ದೆಯಲ್ಲೇ ಶಿಶುಗಳು ಹಠಾತ್ತನೆ ಸಾಯುವುದು ಸುಮಾರು ಅರ್ಧಕ್ಕೆ ಇಳಿಯಿತು. ರಾತ್ರಿಯಿರಲಿ ಹಗಲಿರಲಿ, ಅಂಗಾತವೇ ಮಲಗಿಸಿ. ಎಚ್ಚರವಿದ್ದಾಗ, ನಾವು ಎದುರಿಗಿದ್ದಾಗ ಸ್ವಲ್ಪ ಹೊತ್ತು ಬೋರಲು ಹಾಕಿದರೆ ಕುತ್ತಿಗೆ ಗಟ್ಟಿಯಾಗುತ್ತದೆ.

ಹಾಸಿಗೆ ಸಮತಟ್ಟಾಗಿ ಗಟ್ಟಿಯಾಗಿರಲಿ. ದಿಂಬು ಬೇಡ, ದಪ್ಪ ಕೌದಿ ಮುಖದ ಹತ್ತಿರ ಬೇಡ. ಸೀರೆ ಜೋಲಿಯಲ್ಲಿ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ತೊಂದರೆ. ಜೋಲಿಯಲ್ಲಿ ಹಾಕಿದರೆ ಕಣ್ಣಳತೆಯಲ್ಲೇ ಇರಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಬದಲಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಬೇಡಿ, ಅದರ ವಿಷಗಾಳಿ ತಾಯಿ ಮಗು ಇಬ್ಬರ ಪ್ರಾಣವನ್ನೂ ತೆಗೆಯಬಲ್ಲದು. ಬೀಡಿ ಸೇದುವವರು, ಕುಡಿದು ಬಂದವರು ಮಗುವಿನ ಪಕ್ಕ ಮಲಗಲೇಬಾರದು. ಈ ಮಾತು ಹೇಳೋಕೆ ಸಂಕೋಚ ಬೇಡ. ಒಬ್ಬಳಿಗೆ ಹೇಳಲು ಆಗದಿದ್ದರೆ ಸಂಘದವರು ನಾಲ್ಕು ಜನ ಹೋಗಿ ಹೇಳೋಣ.

ಯಾವಾಗ ಆಸ್ಪತ್ರೆಗೆ?

ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಹಾಲು ಕುಡಿಯದಿದ್ದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ. ಇದು ದೃಷ್ಟಿ ತೆಗೆಯುವ ಹೊತ್ತಲ್ಲ. ಆಶಾ ಕಾರ್ಯಕರ್ತೆ 42 ದಿನದೊಳಗೆ ಹಲವು ಸಲ ಮನೆಗೆ ಬರುತ್ತಾರೆ, ನಿದ್ದೆಯ ವಿಷಯವನ್ನೂ ಅವರಲ್ಲಿ ಕೇಳಿ.

ತಾಯಿಗೂ ನಿದ್ದೆ ಬೇಕು

ಮಗು ಮಲಗಿದಾಗ ತಾಯಿ ಪಾತ್ರೆ ತೊಳೆಯುತ್ತಾಳೆ, ಬಟ್ಟೆ ಒಗೆಯುತ್ತಾಳೆ. ಮಗು ಎದ್ದಾಗ ಅವಳೂ ಎದ್ದಿರಬೇಕು. ಹಾಗಾದರೆ ಅವಳು ಮಲಗುವುದು ಯಾವಾಗ? ಹಾಲೂಡಿಸುವುದೊಂದು ಬಿಟ್ಟು ಉಳಿದದ್ದೆಲ್ಲ ಅಪ್ಪನೂ ಮಾಡಬಹುದು. ಬಾಲಯೇಸುವನ್ನೂ ಮರಿಯಮ್ಮನನ್ನೂ ಕರೆದುಕೊಂಡು ನಡುರಾತ್ರಿ ಎದ್ದು ಹೊರಟವರು ಸಂತ ಜೋಸೆಫರು. ನಮ್ಮ ಗಂಡಸರು ಎದ್ದು ಒಂದು ಒದ್ದೆ ಬಟ್ಟೆ ಬದಲಿಸಿದರೆ ಗೌರವ ಕಡಿಮೆಯಾಗುವುದಿಲ್ಲ.

ಬಾಣಂತಿ ಎರಡು ವಾರಕ್ಕಿಂತ ಹೆಚ್ಚು ಕಾಲ ಸುಮ್ಮಸುಮ್ಮನೆ ಅಳುತ್ತಿದ್ದರೆ, ಮಗು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ ಅದು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದು ಚಿಕಿತ್ಸೆ ಇರುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಸಂಘದಿಂದ ಏನಾಗಬೇಕು?

ಸಹೋದರಿಯರೇ, ಒಬ್ಬಳ ಸಾಲಕ್ಕೆ ನಾವೆಲ್ಲ ಹೊಣೆ ನಿಲ್ಲುತ್ತೇವೆ. ಒಬ್ಬಳ ನಿದ್ದೆಗೂ ಹೊಣೆ ನಿಲ್ಲಬಾರದೇ? ಮುಂದಿನ ಸಭೆಯಲ್ಲಿ ಈ ಮೂರನ್ನು ಚರ್ಚಿಸಿ, ಠರಾವು ಬರೆಯಿರಿ:

• ನಮ್ಮ ಸಂಘದಲ್ಲಿ ಎಳೆಗೂಸಿನ ತಾಯಂದಿರು ಯಾರಿದ್ದಾರೆ? ಹಗಲಲ್ಲಿ ಎರಡು ಗಂಟೆ ಅವರು ಮಲಗುವಂತೆ ಸರದಿಯಲ್ಲಿ ಯಾರು ಅವರ ಮನೆಗೆ ಹೋಗಬಹುದು?

• ಕೂಲಿಗೆ ಹೋಗಲೇಬೇಕಾದವರ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ "ಕೂಸಿನ ಮನೆ" ನಮ್ಮ ಪಂಚಾಯಿತಿಯಲ್ಲಿ ನಡೆಯುತ್ತಿದೆಯೇ ಎಂದು ವಿಚಾರಿಸುವವರು ಯಾರು?

• ಹೆರಿಗೆಯಾದ ಸದಸ್ಯೆಯ ಕಂತು ಒಂದೆರಡು ತಿಂಗಳು ಮುಂದಕ್ಕೆ ಹಾಕಲು ನಮ್ಮ ನಿಯಮದಲ್ಲಿ ಅವಕಾಶ ಇದೆಯೇ?

ಕಂತಿನ ಹೆದರಿಕೆ ಇಲ್ಲದ ತಾಯಿ ಮಲಗಿಸುವ ಮದ್ದು ಹುಡುಕಿಕೊಂಡು ಹೋಗುವುದಿಲ್ಲ. ನಿಮ್ಮ ಮನೆಯ ಕೂಸುಗಳಿಗೂ, ಅವುಗಳ ಅಮ್ಮಂದಿರಿಗೂ ದೇವರು ಒಳ್ಳೆಯ ನಿದ್ದೆ ಕೊಡಲಿ.