ನ್ಯಾಯಾಸನದ ಮುಂದೆ ನಿಂತ ರಾಜ

(ಕ್ರಿಸ್ತರಾಜರ ಹಬ್ಬದ ಪ್ರಬೋಧನೆ)



ಇಂದು ಕ್ರಿಸ್ತರಾಜರ ಹಬ್ಬ. 1925ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯೂಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು. ರಾಜ ಎಂದೊಡನೆ ನಮಗೆ ಸಿಂಹಾಸನ, ಕಿರೀಟ, ಮೆರವಣಿಗೆ ನೆನಪಾಗುತ್ತವೆ. ಆದರೆ ಧರ್ಮಸಭೆ ಈ ದಿನಕ್ಕೆಂದು ಆರಿಸಿರುವ ಶುಭಸಂದೇಶದ ವಾಚನಗಳನ್ನು ಗಮನಿಸಿ. ಅವು ಮೂರು ವರ್ಷಗಳ ಸರದಿಯಲ್ಲಿ ಬರುತ್ತವೆ. ಒಂದು ವರ್ಷ ಸಂತ ಮತ್ತಾಯರ ಶುಭಸಂದೇಶ: ಅಲ್ಲಿ ಅರಸರು ತಾವು ಸೆರೆಮನೆಯಲ್ಲಿದ್ದುದನ್ನು ನೆನಪಿಸುತ್ತಾರೆ. ಇನ್ನೊಂದು ವರ್ಷ ಸಂತ ಯೊವಾನ್ನರದು: ಅಲ್ಲಿ ಯೇಸುಸ್ವಾಮಿ ಬಂದಿಯಾಗಿ ಪಿಲಾತನ ಮುಂದೆ ನಿಂತಿದ್ದಾರೆ. ಮತ್ತೊಂದು ವರ್ಷ ಸಂತ ಲೂಕರದು: ಅಲ್ಲಿ ಅವರು ಇಬ್ಬರು ಅಪರಾಧಿಗಳ ನಡುವೆ ಶಿಲುಬೆಯ ಮೇಲಿದ್ದಾರೆ. ಸೆರೆಮನೆ, ನ್ಯಾಯಾಲಯ, ವಧಾಸ್ಥಾನ: ನಮ್ಮ ಅರಸರನ್ನು ಕಾಣಲು ಧರ್ಮಸಭೆ ನಮ್ಮನ್ನು ಕರೆದೊಯ್ಯುವುದು ಈ ಮೂರು ಕಡೆಗೆ.

ಪಿಲಾತನಿಗೆ ಸತ್ಯ ತಿಳಿದಿರಲಿಲ್ಲವೇ? ತಿಳಿದಿತ್ತು. ಈ ಮನುಷ್ಯನಲ್ಲಿ ತಪ್ಪೇನೂ ಕಾಣುವುದಿಲ್ಲವೆಂದು ಅವನು ಮತ್ತೆ ಮತ್ತೆ ಹೇಳಿದ. ಆದರೂ ಜನರ ಗದ್ದಲಕ್ಕೆ ಹೆದರಿ ಒಪ್ಪಿಸಿಕೊಟ್ಟ. ಇದೇ ರೋಮನ್ ಕಾನೂನಿನ ಮುಂದೆ ಕೆಲವು ವರ್ಷಗಳ ನಂತರ ಸಂತ ಪೌಲರೂ ನಿಂತರು. ಅವರನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ತಾವು ರೋಮ್ ಪೌರರೆಂದು ಅವರು ಹೇಳಿದರು. ಕಟ್ಟಿದವರೇ ನಡುಗಿದರು. ಮುಂದೆ ಅವರು ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸಿದರು. ಗಲಿಲೇಯದ ಬಡಗಿಗೆ ಆ ಪೌರತ್ವವಿರಲಿಲ್ಲ. ಅವರಿಗೆ ಕೊರಡೆಯೇಟು ಬಿತ್ತು, ಶಿಲುಬೆಯೂ ಸಿಕ್ಕಿತು. ರಾಜ್ಯ ಒಂದೇ, ಕಾನೂನು ಒಂದೇ. ಎದುರಿಗೆ ನಿಂತವರು ಯಾರು ಎಂಬುದರ ಮೇಲೆ ಅದು ಬೇರೆಯಾಯಿತು.

ಪ್ರಿಯರೇ, ಇದು ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ನಮ್ಮ ಸಂವಿಧಾನದ 14ನೇ ವಿಧಿ ಸಾರುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಆ ಮಾತು ಹೇಗೆ ಪರೀಕ್ಷೆಗೆ ಒಳಗಾಯಿತೆಂದು ನೋಡೋಣ.

ಗಂಗಾವತಿ ತಾಲ್ಲೂಕಿನ ಮರಕುಂಬಿ ನಮಗೆ ದೂರದ ಊರಲ್ಲ. ಅಲ್ಲಿ ದಲಿತರಿಗೆ ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ಪ್ರವೇಶವಿರಲಿಲ್ಲ. ಅವರು ಅದನ್ನು ಪ್ರಶ್ನಿಸಿದ್ದರು. 2014ರ ಆಗಸ್ಟ್ 28ರಂದು, ಗಂಗಾವತಿಯ ಚಿತ್ರಮಂದಿರದಲ್ಲಿ ನಡೆದ ಜಗಳವೊಂದರ ನೆಪದಲ್ಲಿ, ಗುಂಪೊಂದು ದಲಿತರ ಕೇರಿಗೆ ನುಗ್ಗಿ ಹೊಡೆದು ಗುಡಿಸಲುಗಳಿಗೆ ಬೆಂಕಿಯಿಟ್ಟಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ 3 ಮಂದಿಗೆ 5 ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ಜಾತಿ ದೌರ್ಜನ್ಯದ ಪ್ರಕರಣದಲ್ಲಿ ಒಟ್ಟಿಗೆ ಇಷ್ಟು ಜನರಿಗೆ ಶಿಕ್ಷೆಯಾದುದು ಅಪರೂಪ. ದೇಶವೇ ಕೊಪ್ಪಳದ ಕಡೆ ತಿರುಗಿ ನೋಡಿತು.

ಮುಂದಿನ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಬಹುಪಾಲು ಅಪರಾಧಿಗಳಿಗೆ ಜಾಮೀನು ಕೊಟ್ಟಿತು. ಮೇಲ್ಮನವಿ, ಜಾಮೀನು ಕಾನೂನೇ ಕೊಟ್ಟ ಹಕ್ಕುಗಳು. ಆ ಮನೆಗಳಲ್ಲೂ ತಾಯಂದಿರಿದ್ದಾರೆ, ಮಕ್ಕಳಿದ್ದಾರೆ. ಅವರ ಕಣ್ಣೀರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡೋಣ: ತೀರ್ಪಿಗೆ ಹತ್ತು ವರ್ಷ ಬೇಕಾಯಿತು, ಜಾಮೀನಿಗೆ ಒಂದು ತಿಂಗಳೂ ಹಿಡಿಯಲಿಲ್ಲ.

ಈ ಹತ್ತು ವರ್ಷ ಯಾರ ಹೆಗಲ ಮೇಲಿತ್ತು? ಸಾಕ್ಷಿ ಹೇಳಬೇಕಾದವರ ಮೇಲೆ. ಗದ್ದೆಯಲ್ಲಿ ನಾಟಿ ಮಾಡುವವರು ಒಂದು ದಿನ ಕೊಪ್ಪಳದ ಕೋರ್ಟಿಗೆ ಬಂದರೆ ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಸಂಜೆ ಮರಳುವುದು ಅದೇ ಊರಿಗೆ, ಯಾರ ವಿರುದ್ಧ ಮಾತಾಡಿದರೋ ಅವರ ಹೊಲಗಳ ನಡುವಿನ ದಾರಿಯಲ್ಲೇ. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಾಕ್ಷಿ ಒಂಟಿಯಾದರೆ ಏನಾಗುತ್ತದೆ ಎಂಬುದಕ್ಕೆ ಕಂಬಾಲಪಲ್ಲಿಯೇ ಸಾಕ್ಷಿ. ಆಗ ಕೋಲಾರ ಜಿಲ್ಲೆಯಲ್ಲಿದ್ದ ಆ ಊರಿನಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. ಸಾಕ್ಷಿಗಳು ತಮ್ಮ ಮೊದಲ ಹೇಳಿಕೆಗೆ ತಿರುಗಿಬಿದ್ದಿದ್ದರು. ಮರಕುಂಬಿಗೂ ಕಂಬಾಲಪಲ್ಲಿಗೂ ಇದ್ದುದು 1989ರ ಅದೇ ದೌರ್ಜನ್ಯ ತಡೆ ಕಾಯ್ದೆ. ಪುಸ್ತಕದಲ್ಲಿರುವ ಕಾನೂನು ಕಾಲೂರಿ ನಿಲ್ಲುವುದು ಬಡವನೊಬ್ಬ ಹೆದರದೆ ನಿಂತು ಸಾಕ್ಷಿ ಹೇಳಿದಾಗ ಮಾತ್ರ.

ಹೆಣ್ಣುಮಕ್ಕಳ ಪಾಡೂ ಇದಕ್ಕಿಂತ ಬೇರೆಯಲ್ಲ. ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಮೇಲೆ ಇಬ್ಬರು ಹಿರಿಯರು ಸುಳ್ಳು ಹೇಳಿದರು. ಅವರು ನ್ಯಾಯಾಧಿಪತಿಗಳು, ಆಕೆ ಹೆಣ್ಣು. ಸಭೆ ಒಂದು ಪ್ರಶ್ನೆಯನ್ನೂ ಕೇಳದೆ ಅವರನ್ನೇ ನಂಬಿತು. ವ್ಯಭಿಚಾರದಲ್ಲಿ ಸಿಕ್ಕಳೆಂದು ಯೇಸುಸ್ವಾಮಿಯ ಮುಂದೆ ಎಳೆದು ತಂದದ್ದು ಹೆಂಗಸನ್ನು ಮಾತ್ರ. ಜೊತೆಗಿದ್ದ ಗಂಡಸನ್ನು ಯಾರೂ ತರಲಿಲ್ಲ. ನಮ್ಮ ಕಾಲದಲ್ಲಿ, 2020ರ ಜೂನ್‌ನಲ್ಲಿ, ನಮ್ಮ ರಾಜ್ಯದ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಅತ್ಯಾಚಾರವಾಯಿತೆನ್ನುವ ಮಹಿಳೆ ಆಮೇಲೆ ದಣಿದು ನಿದ್ರಿಸಿದೆನೆಂದುದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಮಾತು ಬಂದಿತ್ತು. ಜನ ಆಕ್ಷೇಪಿಸಿದ ಮೇಲೆ ಆ ಸಾಲನ್ನು ತೆಗೆದುಹಾಕಲಾಯಿತು. ತಿದ್ದಿಕೊಂಡದ್ದು ಒಳ್ಳೆಯದು. ಆದರೆ ಆ ಮಾತು ಎಲ್ಲಿಂದ ಬಂತು? ನಮ್ಮ ಜಗಲಿಗಳಿಂದ, ನಮ್ಮ ಅಡುಗೆಮನೆಗಳಿಂದಲೇ ಬಂತು. 'ಅವಳು ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದಳು?' ಎಂದು ಮೊದಲು ಕೇಳುವವರು ನಾವೇ ಅಲ್ಲವೇ?

ಸೆರೆಮನೆಯ ಬಾಗಿಲಲ್ಲೂ ಸ್ವಲ್ಪ ನಿಲ್ಲೋಣ. 2022ರ ಕೊನೆಯಲ್ಲಿ ನಮ್ಮ ದೇಶದ ಸೆರೆಮನೆಗಳಲ್ಲಿದ್ದ 5.73 ಲಕ್ಷ ಬಂದಿಗಳಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನರು. ಅವರ ಅಪರಾಧ ಇನ್ನೂ ರುಜುವಾತಾಗಿರಲಿಲ್ಲ. ಜಾಮೀನು ಮಂಜೂರಾದರೂ ಹೊಣೆ ನಿಲ್ಲುವವರು ಬೇಕು, ಅವರು ಪಹಣಿ ತರಬೇಕು. ಭೂಮಿಯೇ ಇಲ್ಲದವನ ಬಂಧುಬಳಗ ಪಹಣಿಯನ್ನು ಎಲ್ಲಿಂದ ತಂದೀತು? ಕೆಲವು ರಾಜ್ಯಗಳ ಸೆರೆಮನೆ ನಿಯಮಗಳಲ್ಲಿ ಕಸ ಗುಡಿಸುವ ಕೆಲಸ ಯಾವ ಜಾತಿಗೆ, ಅಡುಗೆ ಯಾವ ಜಾತಿಗೆ ಎಂದು ಇತ್ತೀಚಿನವರೆಗೂ ಬರೆದಿತ್ತು. 2024ರ ಅಕ್ಟೋಬರ್ 3ರಂದಷ್ಟೇ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಪ್ರಿಯ ವಿಶ್ವಾಸಿಗಳೇ, ಬೆರಳನ್ನು ಹೊರಗೆ ತೋರಿಸಿದ್ದು ಸಾಕು. ಈಗ ನಮ್ಮತ್ತ ತಿರುಗಿಸೋಣ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿಲ್ಲ. ದೀಕ್ಷಾಸ್ನಾನ ಪಡೆದವನನ್ನು ಊರು ಹಳೆಯ ಜಾತಿಯ ಹೆಸರಿನಿಂದಲೇ ಕರೆಯುತ್ತದೆ, ಕಾನೂನಿನ ರಕ್ಷಣೆ ಮಾತ್ರ ಅವನಿಗೆ ಸಿಗುವುದಿಲ್ಲ. ಇದು ಅನ್ಯಾಯವೆಂದು ನಾವು ಮನವಿ ಸಲ್ಲಿಸುತ್ತೇವೆ, ಸಲ್ಲಿಸಲೇಬೇಕು. ಆದರೆ ನಮ್ಮ ಧರ್ಮಸಭೆಯೊಳಗೂ ಜಾತಿಭೇದ ಇದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ 2016ರ ತಮ್ಮ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಮಕ್ಕಳ ಮದುವೆಗೆ ಸಂಬಂಧ ಹುಡುಕುವಾಗ ನಾವು ಮೊದಲು ಏನನ್ನು ವಿಚಾರಿಸುತ್ತೇವೆಂದು ನಮಗೇ ಗೊತ್ತು.

ಇನ್ನೊಂದು ತಪ್ಪೊಪ್ಪಿಗೆ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತರ ಎರಡು ವರ್ಷದ ಮಗು ಗುಡಿಯೊಳಗೆ ಓಡಿತೆಂದು ಶುದ್ಧಿಯ ಹೆಸರಿನಲ್ಲಿ ತಂದೆಯಿಂದ ಸುಮಾರು 25 ಸಾವಿರ ರೂಪಾಯಿ ದಂಡ ಕೇಳಿದರು. ದೂರು ಕೊಡಲು ಆ ಕುಟುಂಬ ಹಿಂಜರಿಯಿತು. ಊರಿನಲ್ಲಿ ಬದುಕಬೇಕಲ್ಲ! ಇಂಥ ಹೊತ್ತಿನಲ್ಲಿ ನಮ್ಮನ್ನು ಕೇಳಲು ಬಂದವರಿಗೆ ನಾವು ಏನು ಹೇಳುತ್ತೇವೆ? 'ಹೋಗಲಿ ಬಿಡಪ್ಪ, ರಾಜಿ ಮಾಡಿಕೋ, ಕ್ಷಮಿಸುವುದು ದೊಡ್ಡ ಗುಣ' ಎನ್ನುತ್ತೇವೆ. ಹೊಡೆದವನಿಗೆ ಪಶ್ಚಾತ್ತಾಪ ಬೋಧಿಸದೆ ಹೊಡೆಸಿಕೊಂಡವನಿಗೆ ಮಾತ್ರ ಕ್ಷಮೆ ಬೋಧಿಸಿದರೆ ಅದು ಪಿಲಾತ ಕೈತೊಳೆದುಕೊಂಡ ನೀರಿಗೆ ಸಮ. ಯೇಸುಸ್ವಾಮಿ ಶಿಲುಬೆಯ ಮೇಲಿಂದ ಕ್ಷಮಿಸಿದರು ನಿಜ. ಆದರೆ ಪ್ರಧಾನ ಯಾಜಕನ ಮುಂದೆ ಕಾವಲುಗಾರನು ಕೆನ್ನೆಗೆ ಹೊಡೆದಾಗ, ತಾವು ತಪ್ಪಾಗಿ ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ಕೇಳಿದವರೂ ಅವರೇ. ಕ್ಷಮೆಯೂ ನ್ಯಾಯದ ಪ್ರಶ್ನೆಯೂ ಒಂದೇ ಬಾಯಿಂದ ಬಂದವು.

ಹಾಗಾದರೆ ನಾವೇನು ಮಾಡಬಹುದು? ಸಾಕ್ಷಿ ಹೇಳಲು ಹೋಗುವವರನ್ನು ಒಂಟಿಯಾಗಿ ಕಳಿಸದಿರೋಣ. ಒಂದು ದಿನ ಅವರ ಜೊತೆ ಕೋರ್ಟಿನ ಬೆಂಚಿನ ಮೇಲೆ ಕೂತು ಬರೋಣ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ತಿಳಿದವರು ತಿಳಿಯದವರಿಗೆ ಹೇಳೋಣ. ನಮ್ಮಲ್ಲಿ ಪಹಣಿ ಇರುವವರು, ಬಡ ಬಂದಿಯೊಬ್ಬನಿಗೆ ಹೊಣೆ ನಿಲ್ಲಬಲ್ಲೆವೇ ಎಂದು ಪ್ರಾರ್ಥನೆಯಲ್ಲಿ ಕೇಳಿಕೊಳ್ಳೋಣ. ಮಗಳು ಬಂದು ನೋವು ಹೇಳಿಕೊಂಡಾಗ ಮೊದಲು ಅವಳ ಮಾತನ್ನು ಪೂರ್ತಿ ಕೇಳೋಣ.

ಶಿಲುಬೆಯ ಮೇಲೆ ನಮ್ಮ ಅರಸರು ಪರಂಧಾಮದ ಬಾಗಿಲನ್ನು ಮೊದಲು ತೆರೆದದ್ದು ಶಿಕ್ಷೆಗೊಳಗಾದ ಕಳ್ಳನೊಬ್ಬನಿಗೆ. ಅವನ ಕುಲವನ್ನು ಕೇಳಲಿಲ್ಲ, ಹೊಣೆಗಾರರನ್ನು ಕೇಳಲಿಲ್ಲ. ಒಂದು ದಿನ ನಾವೂ ಆ ಅರಸರ ನ್ಯಾಯಾಸನದ ಮುಂದೆ ನಿಲ್ಲಬೇಕು. ಅಲ್ಲಿ ಅವರು ನಮ್ಮನ್ನು ಕೇಳುವುದು, ಸೆರೆಯಲ್ಲಿದ್ದವರ ಬಳಿಗೆ, ಹಸಿದವರ ಬಳಿಗೆ ನಾವು ಹೋದೆವೋ ಇಲ್ಲವೋ ಎಂದು. ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿಯನ್ನು ಈ ಬಲಿಪೂಜೆಯಲ್ಲಿ ಬೇಡಿಕೊಳ್ಳೋಣ. ಕ್ರಿಸ್ತರಾಜರು ನಿಮ್ಮೆಲ್ಲರ ಕುಟುಂಬಗಳನ್ನು ಹರಸಲಿ.

ಆಮೆನ್.