‘ಆ ಟ್ಯೂಬು ಒಂದು ಕೊಡಿ’

ಇವತ್ತು ರಾಜಕೀಯ ಬೇಡ, ಕೆರೆತದ ಬಗ್ಗೆ ಮಾತಾಡೋಣ. ನಗಬೇಡಿ. ನಗುತ್ತಿರುವವರಲ್ಲೂ ಒಂದಿಬ್ಬರು ಬಾಗಿಲು ಹಾಕಿಕೊಂಡು ಕೆರೆದುಕೊಳ್ಳುವವರು ಇದ್ದೇ ಇರ್ತೀರಿ.

ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದ ಮುಂದೆ ಬೆಳಿಗ್ಗೆ ಒಂದು ಗಂಟೆ ನಿಂತು ನೋಡಿ. ಆ ಸಾಲಿನಲ್ಲಿ ಗಜಕರ್ಣದವರು ಎಷ್ಟು ಜನ! ಹುಳುಕಡ್ಡಿ ಅಂತಲೂ ಕರೀತೀವಿ. ಹೆಸರಿನಲ್ಲಿ ಹುಳು ಇದ್ದರೂ ಅದು ಹುಳು ಅಲ್ಲ, ಫಂಗಸ್ಸು. ತೊಡೆಸಂದು, ಸೊಂಟ, ಲಂಗದ ಲಾಡಿ ಕಟ್ಟುವ ಜಾಗ, ಬೆಲ್ಟ್ ಕೂರುವ ಜಾಗ, ಎಲ್ಲಿ ಬೆವರು ನಿಲ್ಲುತ್ತದೋ ಅಲ್ಲಿ ಅದರ ಸಂಸಾರ. ದಿನವಿಡೀ ನೀರಿನಲ್ಲಿ ಕೈಯಾಡಿಸುವವರ ಬೆರಳಸಂದಿಯಲ್ಲಿ ಕಾಣುವುದು ಹೆಚ್ಚಾಗಿ ಬೇರೆ ಜಾತಿಯ ಫಂಗಸ್ಸು. ಅದು ಹಾಗಿರಲಿ.

ಹಿಂದೆ ಇದು ಸೆಖೆಗೆ, ಮಳೆಗೆ ಬಂದು ಹೋಗುವ ಕಾಯಿಲೆ. ಎರಡು ಮೂರು ವಾರ ಮುಲಾಮು ಹಚ್ಚಿದರೆ ಮುಗೀತಿತ್ತು. ಈಗ ತಿಂಗಳುಗಟ್ಟಲೆ ಹೋಗುವುದಿಲ್ಲ, ಹೋದರೂ ಮತ್ತೆ ಬರುತ್ತದೆ, ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಹಬ್ಬುತ್ತದೆ. ಯಾಕೆ ಹೀಗಾಯ್ತು?

ನಮ್ಮ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಒಂದು ದಿನ ಹತ್ತಿರ ಬಂದು, ‘ಸರ್, ಹೇಳೋಕೆ ನಾಚಿಕೆ’ ಅಂದ. ಎಂಟು ತಿಂಗಳಿಂದ ತೊಡೆಸಂದಿನಲ್ಲಿ ಕೆರೆತವಂತೆ. ಡಾಕ್ಟರ ಹತ್ತಿರ ಹೋಗಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ‘ಕೆರೆತಕ್ಕೆ ಏನಾದ್ರೂ ಕೊಡಿ ಅಣ್ಣಾ’ ಅಂದಿದ್ದಾನೆ, ಅವರು ಟ್ಯೂಬು ಕೊಟ್ಟಿದ್ದಾರೆ. ಎರಡೇ ದಿನಕ್ಕೆ ಹಾಯ್ ಅನ್ನಿಸಿತು. ಬಿಟ್ಟ, ಮತ್ತೆ ಬಂತು, ಮತ್ತೆ ಟ್ಯೂಬು. ಆಮೇಲೆ ಹೆಂಡತಿಗೂ ಬಂತು, ಎರಡು ವರ್ಷದ ಮಗುವಿನ ಬೆನ್ನಿಗೂ ಬಂತು. ಮಗುವಿಗೂ ಅದೇ ಟ್ಯೂಬು! ಇಸ್ಕೊಂಡು ನೋಡಿದೆ. ಸುಳ್ಳು ಹೇಳಲ್ಲ, ಅದೇ ಟ್ಯೂಬು ನನ್ನ ಮನೆಯ ಡ್ರಾಯರಿನಲ್ಲೂ ಇತ್ತು.

ಅದರಲ್ಲಿ ಫಂಗಸ್ಸಿನ ಔಷಧಿ ಇದೆ, ಬ್ಯಾಕ್ಟೀರಿಯಾದ ಔಷಧಿ ಇದೆ, ಜೊತೆಗೆ ಕ್ಲೋಬೆಟಾಸಾಲ್ ಇದೆ. ಕ್ಲೋಬೆಟಾಸಾಲ್ ಅಂದರೆ ಸ್ಟಿರಾಯ್ಡ್, ಅದೂ ಚರ್ಮಕ್ಕೆ ಹಚ್ಚುವವುಗಳಲ್ಲೇ ಅತ್ಯಂತ ಬಿರುಸಾದದ್ದು. ಹಚ್ಚಿದ ತಕ್ಷಣ ಕೆಂಪು, ಕೆರೆತ ಇಳಿಯುತ್ತವೆ. ಫಂಗಸ್ಸು ಸತ್ತಿತು ಅಂತ ನೀವು ಅಂದುಕೊಳ್ತೀರಿ. ಅದು ಸತ್ತಿಲ್ಲ ಸ್ವಾಮಿ! ಅದರ ಮೇಲೆ ಹೋರಾಡುತ್ತಿದ್ದ ನಿಮ್ಮ ಚರ್ಮದ ಬಾಯಿ ಮುಚ್ಚಿಸಿದ್ದೀರಿ, ಅಷ್ಟೇ. ಒಳಗೊಳಗೇ ಅದು ಹರಡುತ್ತದೆ. ದುಂಡಗಿನ ಉಂಗುರ ಕಲಸಿ ಹೋಗಿ, ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತೊಡೆಯ ಚರ್ಮ ತೆಳುವಾಗಿ ಬಿರುಕುಬಿಟ್ಟ ಹಾಗೆ ಗೆರೆಗಳು ಬೀಳುತ್ತವೆ. ಮಗುವಿನ ಚರ್ಮವಂತೂ ತೆಳು, ಔಷಧಿ ರಕ್ತಕ್ಕೂ ಇಳಿಯುತ್ತದೆ, ಬೆಳವಣಿಗೆಗೇ ಪೆಟ್ಟು ಬೀಳಬಹುದು.

ಇನ್ನೊಂದು ಸಂಗತಿ. ಟರ್ಬಿನಾಫಿನ್ ಅನ್ನುವ ಔಷಧಿಗೆ ಬಗ್ಗದ ಒಂದು ಫಂಗಸ್ಸಿಗೆ 2020ರಲ್ಲಿ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಕೂತಿದೆ! 2023ರಲ್ಲಿ ಅದು ನ್ಯೂಯಾರ್ಕಿನಲ್ಲಿ ಇಬ್ಬರು ಮಹಿಳೆಯರಲ್ಲಿ ಪತ್ತೆಯಾಯಿತು. ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿ ಬಂದವರು, ಇನ್ನೊಬ್ಬರು ಆಗ ವಿದೇಶಕ್ಕೆ ಹೋದವರೇ ಅಲ್ಲ.

ಕಾನೂನು ಇಲ್ಲವಾ? ಇದೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಶೆಡ್ಯೂಲ್ ಎಚ್‌ಗೆ ಬಿಗಿಯಾಗಿ ಸೇರಿಸಿತು. ಟ್ಯೂಬಿನ ಮೇಲೂ ಅದನ್ನು ಬರೆದಿರಬೇಕು. ಬರೆದಿರುತ್ತಾರೆ ಕೂಡ, ಇರುವೆ ಓದಬೇಕಾದ ಅಕ್ಷರದಲ್ಲಿ. ಹೋದ ವಾರ ನಾನೇ ಒಂದು ಅಂಗಡಿಗೆ ಹೋಗಿ ಕೇಳಿದೆ. ಚೀಟಿ ಎಲ್ಲಿ ಅಂತ ಕೇಳಲಿಲ್ಲ. ‘ದೊಡ್ಡದು ಕೊಡ್ಲಾ, ಚಿಕ್ಕದು ಕೊಡ್ಲಾ ಸಾರ್?’ ಅಂದರು. ಔಷಧ ನಿಯಂತ್ರಣ ಇಲಾಖೆಯವರು ಟಿವಿ ನೋಡ್ತಾರೋ ಇಲ್ಲವೋ.

ಹುಡುಗನನ್ನು ಬಯ್ದು ಚರ್ಮರೋಗ ತಜ್ಞರ ಹತ್ತಿರ ಕಳಿಸಿದೆ. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ದೊಡ್ಡ ಖರ್ಚಿನ ಪರೀಕ್ಷೆಯೇನಲ್ಲ. ಟ್ಯೂಬು ಬಿಡಿಸಿದರು. ಬಿಟ್ಟ ಮೊದಲ ಕೆಲವು ದಿನ ಕೆರೆತ ಇನ್ನೂ ಜೋರಾಯಿತು, ಅವನು ಹೆದರಿ ನನಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ಮೂವರಿಗೂ ಒಟ್ಟಿಗೇ ಚಿಕಿತ್ಸೆ. ಟವೆಲ್ಲು ಬೇರೆ ಬೇರೆ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ, ಬಿಗಿ ಜೀನ್ಸಿಗೆ ರಜೆ, ಕೆರೆತ ನಿಂತರೂ ಡಾಕ್ಟರು ಹೇಳುವ ತನಕ ಮಾತ್ರೆ ನಿಲ್ಲಿಸುವಂತಿಲ್ಲ. ಮೂರು ತಿಂಗಳು ಹಿಡಿಯಿತು. ಮಗುವಿನ ಬೆನ್ನು ತಿಳಿಯಾಗಿದೆ. ಅವನ ತೊಡೆಯ ಗೆರೆಗಳು ಮಾತ್ರ ಹಾಗೇ ಇವೆ, ಅವು ಪೂರ್ತಿ ಹೋಗಲ್ಲ ಅಂದಿದ್ದಾರೆ ಡಾಕ್ಟರು.